ಹಿಮದ ಘಟ್ಟದಲ್ಲಿ ಕೊಡಗಿನ ಸೇನಾನಿ: ಜನರಲ್ ತಿಮ್ಮಯ್ಯ

ನವೆಂಬರ್ ತಿಂಗಳ ಮೊದಲ ದಿನ ನಮ್ಮ ಪಾಲಿಗೆ ಎರಡು ಹಬ್ಬಗಳನ್ನು ಒಟ್ಟಿಗೆ ತರುತ್ತದೆ. ಧರ್ಮಸಭೆ ಅಂದು ಸಕಲ ಸಂತರನ್ನು ಸ್ಮರಿಸುತ್ತದೆ. ನಾಡು 1956ರ ಏಕೀಕರಣವನ್ನು ನೆನೆದು ರಾಜ್ಯೋತ್ಸವವನ್ನು ಆಚರಿಸುತ್ತದೆ. ಇದೇ ದಿನಾಂಕಕ್ಕೆ ಸೇರಿದ ಮೂರನೆಯ ನೆನಪೊಂದಿದೆ. ಅದನ್ನು ನಮ್ಮಲ್ಲಿ ಅನೇಕರು ಅರಿಯರು. 1948ರ ನವೆಂಬರ್ 1ರಂದು, ಕಾಶ್ಮೀರದಿಂದ ಲಡಾಖಿಗೆ ಹೋಗುವ ಹಾದಿಯಲ್ಲಿರುವ ಜೋಜಿಲಾ ಎಂಬ ಹಿಮದ ಘಟ್ಟವನ್ನು ಮಡಿಕೇರಿಯಲ್ಲಿ ಹುಟ್ಟಿದ ಸೇನಾನಿಯೊಬ್ಬರು ಟ್ಯಾಂಕುಗಳೊಡನೆ ಏರಿದರು. ಅವರಿಗೆ ಬಂಡೆ ಸೀಳಿ ದಾರಿ ಮಾಡಿಕೊಟ್ಟವರು ನಮ್ಮ ನೆರೆಯವರೇ ಆದ ಮದ್ರಾಸ್ ಸ್ಯಾಪರುಗಳು.

ನೆರೆಯವರು ಎಂದುದು ಅಲಂಕಾರಕ್ಕಲ್ಲ. ಒಂದು ಕಾರ್ಖಾನೆಯಿಂದ ಹೆಸರು ಪಡೆದ ನಮ್ಮ ಟಿನ್ ಫ್ಯಾಕ್ಟರಿ ವೃತ್ತದಿಂದ ಹಳೆಯ ಮದ್ರಾಸು ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ಸಾಗಿದರೆ ಇಂದಿರಾನಗರ ಕಳೆದು ಹಲಸೂರು ಬರುತ್ತದೆ. ಅಲ್ಲಿ ಕೆರೆಯ ಮಗ್ಗುಲಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರವಿದೆ. 1780ರಲ್ಲಿ ಮದರಾಸಿನಲ್ಲಿ ಮೊದಲ್ಗೊಂಡ ಈ ದಳದ ಸೈನಿಕರನ್ನು ಸೇನೆಯಲ್ಲಿ ತಂಬಿಗಳೆಂದು ಅಕ್ಕರೆಯಿಂದ ಕರೆಯುವುದುಂಟು. ಕನ್ನಡ, ತಮಿಳು, ತೆಲುಗು, ಮಲಯಾಳ ಭಾಷೆಗಳ ಹಳ್ಳಿಗಳಿಂದ ಬಂದ ಈ ಯುವಕರಲ್ಲಿ ಬಹುಮಂದಿ ಸೇನೆಗೆ ಸೇರುವ ಮುನ್ನ ಹಿಮವೆಂಬುದನ್ನು ಚಿತ್ರದಲ್ಲಿ ಮಾತ್ರ ಕಂಡವರು.

ನಮ್ಮ ಚಳಿಯಾದರೂ ಎಷ್ಟರದು? ಡಿಸೆಂಬರಿನ ಮುಂಜಾನೆಯ ಬಲಿಪೂಜೆಗೆ ಬರುವ ಹಿರಿಯರು ಮಂಕಿ ಟೋಪಿ ಧರಿಸಿ, ಶಾಲು ಹೊದ್ದು ಬರುತ್ತಾರೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಲ್ಲಿ. ನೀರು ಹೆಪ್ಪುಗಟ್ಟಲು ಅಲ್ಲಿಂದಲೂ ಬಹಳ ಕೆಳಗಿಳಿಯಬೇಕು. ದಾನಿಯೇಲನ ಗ್ರಂಥದಲ್ಲಿ ಮೂವರು ಯುವಕರು ಬೆಂಕಿಯ ನಡುವೆ ನಿಂತು ದೇವರನ್ನು ಸ್ತುತಿಸುವಾಗ ಹಿಮವನ್ನೂ ಮಂಜುಗಡ್ಡೆಯನ್ನೂ ಸ್ತುತಿಗೆ ಕರೆಯುತ್ತಾರೆ. ಅದನ್ನು ಓದುವಾಗ ನಮಗೆ ಹಿಮವು ಸುಂದರವಾದ ಒಂದು ಪದ, ಅಷ್ಟೆ. ಅದರಲ್ಲಿ ನಿಂತು ಬದುಕಬೇಕಾದವನಿಗೆ ಅದು ಬೇರೆಯೇ ಸಂಗತಿ.

ಕೊಡೆಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರ ಮಾರ್ಚ್ ತಿಂಗಳಲ್ಲಿ ಮಡಿಕೇರಿಯ ಕೊಡವ ಮನೆತನವೊಂದರಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲೇ ಅವರನ್ನು ಕೂನೂರಿನ ಸಂತ ಜೋಸೆಫರ ಶಾಲೆಗೆ ಕಳುಹಿಸಲಾಯಿತು. ಅಲ್ಲಿ ಐರಿಷ್ ಬ್ರದರುಗಳ ಕಟ್ಟುನಿಟ್ಟಿನ ಕೈಯಲ್ಲಿ ಬೆಳೆದರು. ಮುಂದೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹ್ರಾಡೂನಿನ ಸೈನಿಕ ವಿದ್ಯಾಲಯ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಸೇನಾಧಿಕಾರಿಯ ಪದವಿ. 1935ರಲ್ಲಿ ಕ್ವೆಟ್ಟಾ ನಗರವನ್ನು ಭೂಕಂಪವು ನೆಲಸಮ ಮಾಡಿದಾಗ ಅವರೂ ಅವರ ಪತ್ನಿ ನೀನಾ ಅವರೂ ಅಲ್ಲಿದ್ದು ಪರಿಹಾರ ಕಾರ್ಯದಲ್ಲಿ ದುಡಿದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ಕಾಡುಗಳಲ್ಲಿ ಬ್ರಿಗೇಡೊಂದನ್ನು ರಣರಂಗದಲ್ಲಿ ನಡೆಸಿದ ಭಾರತೀಯರೆಂಬ ಕೀರ್ತಿ ಅವರದಾಯಿತು. ಇವೆಲ್ಲ ಮಳೆಯ, ಕೆಸರಿನ, ಕಾಡಿನ ಅನುಭವಗಳು. ಕೊಡಗಿನವರಿಗೆ ಮಳೆ ಹೊಸದಲ್ಲ. ಹಿಮ ಹೊಸದು.

1947ರ ಅಕ್ಟೋಬರಿನಲ್ಲಿ ಕಾಶ್ಮೀರದ ಯುದ್ಧ ಆರಂಭವಾಯಿತು. ಲಡಾಖಿನ ಲೇಹ್ ಪಟ್ಟಣವನ್ನು ಶ್ರೀನಗರಕ್ಕೆ ಜೋಡಿಸುವುದು ಒಂದೇ ಹಾದಿ. ಆ ಹಾದಿಯ ಕೀಲಿಕೈ ಜೋಜಿಲಾ. ಅಲ್ಲಿನ ಭಾಷೆಯಲ್ಲಿ ಲಾ ಎಂದರೆ ಘಟ್ಟದ ದಾರಿ. ಎತ್ತರ ಸುಮಾರು 11,500 ಅಡಿ. ಹಿಮಾಲಯದ ಘಟ್ಟಗಳಲ್ಲಿ ಇದು ಅತಿ ಎತ್ತರದ್ದೇನಲ್ಲ. ಆದರೆ ಪಶ್ಚಿಮದಿಂದ ಬರುವ ಮೋಡಗಳು ಮೊದಲು ಅಪ್ಪಳಿಸುವುದು ಇಲ್ಲಿ. ಆದುದರಿಂದ ಹಿಮವು ಇಲ್ಲಿ ರಾಶಿರಾಶಿಯಾಗಿ ಬೀಳುತ್ತದೆ. ಕಡಿದಾದ ಇಳಿಜಾರಿನ ಮೇಲೆ ಹಳೆಯ ಗಟ್ಟಿ ಪದರ. ಅದರ ಮೇಲೆ ಹೊಸದಾಗಿ ಬಿದ್ದ ಸಡಿಲ ಹಿಮ. ಬಿಸಿಲು ಏರಿದಾಗ ಮೇಲಿನ ಪದರ ಕೆಳಗಿನದರ ಹಿಡಿತ ಬಿಟ್ಟು ಇಡೀ ಬೆಟ್ಟವೇ ಜಾರಿದಂತೆ ಕೆಳಗುರುಳುತ್ತದೆ. ಹಿಮದ ನಾಡಿನವರು ಸೂರ್ಯನಿಗಿಂತ ಮೊದಲು ಎದ್ದು, ಹಿಮ ಇನ್ನೂ ಗಟ್ಟಿಯಾಗಿರುವಾಗಲೇ ಅಪಾಯದ ಇಳಿಜಾರುಗಳನ್ನು ದಾಟಿಬಿಡುವುದು ಇದೇ ಕಾರಣಕ್ಕೆ.

ಅಂಥ ಹಿಮವನ್ನು ಬಲ್ಲವರೇ 1948ರ ಫೆಬ್ರವರಿಯಲ್ಲಿ, ಚಳಿಗಾಲದ ನಡುವೆಯೇ, ಜೋಜಿಲಾವನ್ನು ದಾಟಿದರು. ಲಾಹೌಲಿನವರಾದ ಮೇಜರ್ ಪೃಥ್ವಿಚಂದ್ ಸುಮಾರು 40 ಮಂದಿ ಸ್ವಯಂಸೇವಕ ಯೋಧರೊಡನೆ ಶ್ರೀನಗರದಿಂದ ಹೊರಟು ಮಾರ್ಚ್ ತಿಂಗಳಲ್ಲಿ ಲೇಹ್ ತಲುಪಿದರು. ಅಲ್ಲಿ ಲಡಾಖಿನವರೇ ಆದ ಎಂಜಿನಿಯರ್ ಸೋನಂ ನೋರ್ಬು ಅವರು ಸ್ಥಳೀಯ ಜನರ ಕೈದುಡಿಮೆಯಿಂದ ವಿಮಾನವಿಳಿಯುವ ನೆಲವೊಂದನ್ನು ಸಿದ್ಧಪಡಿಸಿದರು. ಮೇ ತಿಂಗಳಿಂದ ಮುಂದೆ ಶತ್ರುಗಳು ಜೋಜಿಲಾ, ದ್ರಾಸ್, ಕಾರ್ಗಿಲ್‌ಗಳನ್ನು ಹಿಡಿದು ಲೇಹ್ ಪಟ್ಟಣದ ಕತ್ತಿನ ಮೇಲೆ ಕೈಯಿಟ್ಟಾಗ ಈ ನೆಲವೇ ಆ ಊರನ್ನು ಉಳಿಸಿತು.

ಆ ತಿಂಗಳೇ ತಿಮ್ಮಯ್ಯನವರು ಕಾಶ್ಮೀರ ಕಣಿವೆಯ ಡಿವಿಷನ್ನಿನ ಹೊಣೆ ಹೊತ್ತಿದ್ದರು. ಪಶ್ಚಿಮದ ಸೇನಾ ವಿಭಾಗದ ಮುಖ್ಯಸ್ಥರಾಗಿದ್ದವರು ಮತ್ತೊಬ್ಬ ಕೊಡವರಾದ ಕಾರ್ಯಪ್ಪನವರು. ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗರು ಲೇಹ್ ನೆಲಕ್ಕೆ ಮೊದಲ ಡಕೋಟಾ ವಿಮಾನವನ್ನು ಇಳಿಸಿದಾಗ ತಿಮ್ಮಯ್ಯನವರು ಅದರೊಳಗಿದ್ದರು. ಆ ವಿಮಾನಕ್ಕೆ ರೆಕ್ಕೆಗೆ ಕಟ್ಟುವ ಮಂಜನ್ನು ಕರಗಿಸುವ ಸಾಧನವಿರಲಿಲ್ಲ; ಒಳಗೆ ಗಾಳಿಯ ಒತ್ತಡವನ್ನು ಕಾಯ್ದಿಡುವ ವ್ಯವಸ್ಥೆಯೂ ಇರಲಿಲ್ಲ. ಅಧೀನರನ್ನು ಕಳುಹಿಸುವ ಜಾಗಕ್ಕೆ ತಾವು ಮೊದಲು ಹೋಗಿ ನೋಡುವುದು ಅವರ ಕ್ರಮ.

ಆದರೆ ವಿಮಾನವೊಂದರಿಂದಲೇ ಲಡಾಖಿನ ಜನರಿಗೂ ಸೈನಿಕರಿಗೂ ಚಳಿಗಾಲವಿಡೀ ಆಹಾರ, ಉಡುಪು, ಮದ್ದುಗುಂಡು ಒದಗಿಸಲಾಗದು. ಮೋಡ ಕವಿದರೆ ವಿಮಾನವಿಲ್ಲ. ಆದುದರಿಂದ ಘಟ್ಟವನ್ನು ಮುಂದಿನ ಹಿಮಕ್ಕೆ ಮೊದಲೇ ತೆರೆಯಬೇಕಾಗಿತ್ತು. ಆಗಸ್ಟ್ 14ರಂದು, ಆರು ತಿಂಗಳು ಮುತ್ತಿಗೆ ತಡೆದಿದ್ದ ಸ್ಕರ್ದು ಕೋಟೆ ಬಿದ್ದಿತು. ಸೆಪ್ಟೆಂಬರಿನಲ್ಲಿ ಬ್ರಿಗೇಡಿಯರ್ ಅಟಲ್ ಅವರ 77ನೇ ಬ್ರಿಗೇಡ್ ಕಾಲ್ದಳದಿಂದ ಎರಡು ಬಾರಿ ಜೋಜಿಲಾದ ಮೇಲೆ ಏರಿಹೋಗಿ ಎರಡು ಬಾರಿಯೂ ಹಿಂದಿರುಗಬೇಕಾಯಿತು. ಮೇಲಿನ ಬಂಡೆಗಳ ಪೊಟರೆಯಲ್ಲಿ ಕುಳಿತ ಮೆಷಿನ್‌ಗನ್ನುಗಳ ಮುಂದೆ ಬರಿಗಾಲಾಳುಗಳ ಧೈರ್ಯ ಸಾಲದಾಯಿತು.

ನಾವು ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ವಿಚಾರ ಮನಸ್ಸಿಗೆ ನಾಟಿತ್ತು. ಮುಖ್ಯ ಸದ್ಗುಣಗಳು ನಾಲ್ಕು. ಅವುಗಳಲ್ಲಿ ಧೈರ್ಯವೂ ಒಂದು. ಆದರೆ ಎಲ್ಲವುಗಳ ಸಾರಥ್ಯ ವಿವೇಕದ್ದು. ಸಾರಥಿಯಿಲ್ಲದ ಕುದುರೆ ಎಷ್ಟು ಬಲಿಷ್ಠವೋ ಅಷ್ಟು ಅಪಾಯಕರ. ಆ ವಿವೇಕಕ್ಕೂ ಅಂಗಗಳಿವೆ: ನಡೆದುಹೋದುದರ ನೆನಪು, ಬಲ್ಲವರಿಂದ ಕಲಿಯುವ ವಿನಯ, ಮುಂದಾಲೋಚನೆ, ಎಚ್ಚರ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಈ ಪಟ್ಟಿ ನಮಗೆ ಅರ್ಥಪೂರ್ಣವಾಗಿ ಕಂಡದ್ದು ಬಹುಕಾಲದ ಮೇಲೆ, ಜೋಜಿಲಾದ ವೃತ್ತಾಂತವನ್ನು ಓದಿದಾಗ.

ಎರಡು ಸೋಲುಗಳ ನಂತರ ಮೂರನೆಯ ಸಲವೂ ಅದೇ ರೀತಿ ಸೈನಿಕರನ್ನು ಮೇಲಕ್ಕೆ ತಳ್ಳಬಹುದಾಗಿತ್ತು. ಹಾಗೆ ಮಾಡಲಿಲ್ಲ. ಟ್ಯಾಂಕುಗಳನ್ನು ಘಟ್ಟದ ನೆತ್ತಿಗೆ ಒಯ್ಯುವುದೆಂದು ನಿಶ್ಚಯವಾಯಿತು. ಅಷ್ಟು ಎತ್ತರದಲ್ಲಿ ಅದುವರೆಗೆ ಯಾರೂ ಟ್ಯಾಂಕುಗಳಿಂದ ಯುದ್ಧ ಮಾಡಿರಲಿಲ್ಲ. ಶತ್ರುವೂ ಅದನ್ನು ನಿರೀಕ್ಷಿಸಿರಲಿಲ್ಲ. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗರ 7ನೇ ಲೈಟ್ ಕ್ಯಾವಲ್ರಿಯ ಸ್ಟುಅರ್ಟ್ ಟ್ಯಾಂಕುಗಳು ತಲಾ ಸುಮಾರು 15 ಟನ್ ತೂಗುತ್ತಿದ್ದವು. ತಿರುಗುಗೋಪುರಗಳನ್ನು ಕಳಚಿ, ಮುಸುಕು ಹೊದಿಸಿ, ರಹಸ್ಯವಾಗಿ ಜಮ್ಮುವಿನ ಕಡೆಯಿಂದ ಶ್ರೀನಗರಕ್ಕೆ, ಅಲ್ಲಿಂದ ಘಟ್ಟದ ಬುಡದ ಬಾಲ್ತಾಲಿಗೆ ಅವನ್ನು ತರಲಾಯಿತು. ಬಾಲ್ತಾಲಿನಿಂದ ಮೇಲೆ ಇದ್ದುದು ಹೇಸರಗತ್ತೆಗಳ ಕಾಲುದಾರಿ ಮಾತ್ರ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಪ್ರಪಾತ.

ಇಲ್ಲಿ ನಮ್ಮ ಹಲಸೂರಿನ ತಂಬಿಗಳು ಬರುತ್ತಾರೆ. ಶತ್ರುವಿನ ಗುಂಡಿನ ವ್ಯಾಪ್ತಿಯೊಳಗೆ, ಸಿಡಿಮದ್ದಿಟ್ಟು ಬಂಡೆ ಒಡೆದು, ಸಲಿಕೆ ಗುದ್ದಲಿಗಳಿಂದ ಅಗೆದು, ತಿರುವುಗಳನ್ನು ಅಗಲಿಸಿ ಅಕ್ಟೋಬರ್ ಮಧ್ಯದ ವೇಳೆಗೆ ಆ ಕಾಲುದಾರಿಯನ್ನು ಟ್ಯಾಂಕು ಏರುವ ದಾರಿಯನ್ನಾಗಿ ಮಾಡಿದರು. ಆ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದಕ್ಕಿಂತ ಮೂರರಲ್ಲೊಂದು ಪಾಲಿನಷ್ಟು ಕಡಿಮೆ. ಹತ್ತು ಸಲ ಗುದ್ದಲಿ ಎತ್ತಿದವನು ನಿಂತು ಏದುಸಿರು ಬಿಡಬೇಕು. ಬರಿಗೈ ಕಬ್ಬಿಣಕ್ಕೆ ತಾಗಿದರೆ ಚರ್ಮ ಅಂಟಿಕೊಳ್ಳುವ ಚಳಿ. ಇತಿಹಾಸದ ಪುಸ್ತಕಗಳು ಟ್ಯಾಂಕುಗಳನ್ನು ಕೊಂಡಾಡುತ್ತವೆ. ದಾರಿ ಕಡಿದವರಿಗೆ ಸಿಗುವುದು ಒಂದೆರಡು ಸಾಲು. ಆಗಮನ ಕಾಲದಲ್ಲಿ ಸ್ನಾನಿಕ ಯೊವಾನ್ನರ ಕುರಿತು ಪ್ರಬೋಧನೆ ಮಾಡುವಾಗಲೆಲ್ಲ ನಮಗೆ ಈ ತಂಬಿಗಳ ನೆನಪಾಗುವುದುಂಟು. ಅರಣ್ಯದಲ್ಲಿ ಹಾದಿ ಸಿದ್ಧಪಡಿಸುವುದೆಂದರೆ ಅದು ಬಹಳ ಮಟ್ಟಿಗೆ ಕಲ್ಲು ಹೊರುವ ಕೆಲಸ.

ದಾರಿ ಸಿದ್ಧವಾಯಿತು; ಹವಾಮಾನ ಕೆಟ್ಟಿತು. ಅಕ್ಟೋಬರಿನಲ್ಲಿ ನಡೆಯಬೇಕಾಗಿದ್ದ ಆಕ್ರಮಣದ ದಿನಾಂಕ ಮುಂದಕ್ಕೆ ಹೋಯಿತು. ಸೇನಾನಿಯ ಅತ್ಯಂತ ಕಠಿಣ ಗಳಿಗೆ ಇದೇ ಇರಬೇಕೆಂದು ನಮ್ಮ ಅನಿಸಿಕೆ. ಮುನ್ನುಗ್ಗಿದರೆ ಹಿಮದ ಬಿರುಗಾಳಿಯಲ್ಲಿ ಟ್ಯಾಂಕು ಜಾರಿ ಪ್ರಪಾತ ಸೇರಬಹುದು, ಹೊಸದಾಗಿ ಕಡಿದ ದಾರಿಯೇ ಮುಚ್ಚಿಹೋಗಬಹುದು. ಕಾದರೆ ಘಟ್ಟ ಮೇ ತಿಂಗಳವರೆಗೆ ಮುಚ್ಚಬಹುದು. ಆಚೆಯ ಲಡಾಖ್ ಆ ವೇಳೆಗೆ ಕೈಬಿಟ್ಟಿರುತ್ತದೆ. ಚಳಿಯಲ್ಲಿ ಬ್ಯಾಟರಿ ಬಲಗುಂದುತ್ತದೆ, ಎಂಜಿನ್ನಿನ ಎಣ್ಣೆ ಮಂದವಾಗುತ್ತದೆ. ಆಗಾಗ್ಗೆ ಎಂಜಿನ್ ನಡೆಸಿ ಬೆಚ್ಚಗಿಡದಿದ್ದರೆ ಬೇಕಾದ ಗಳಿಗೆಯಲ್ಲಿ ಟ್ಯಾಂಕು ಬರಿಯ ಉಕ್ಕಿನ ಮುದ್ದೆ. ಮನುಷ್ಯ ದೇಹದ ಪಾಡೂ ಹೆಚ್ಚು ಬೇರೆಯಲ್ಲ. ಕಡುಚಳಿಯಲ್ಲಿ ದೇಹವು ಹೃದಯವನ್ನೂ ಮೆದುಳನ್ನೂ ಉಳಿಸಿಕೊಳ್ಳಲು ರಕ್ತವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ; ಕೈಕಾಲುಗಳ ಬೆರಳು ಮೊದಲು ನೋಯುತ್ತವೆ, ಅನಂತರ ನೋವೇ ಇಲ್ಲವಾಗುತ್ತದೆ. ನೋವು ನಿಂತಿತೆಂದು ಸಮಾಧಾನಪಡುವವನು ಬೆರಳು ಕಳೆದುಕೊಳ್ಳುತ್ತಾನೆ. ಒಣಗಿದ ಕಾಲುಚೀಲ, ಬಿಗಿಯಿಲ್ಲದ ಬೂಟು, ಒಬ್ಬರ ಮುಖವನ್ನು ಇನ್ನೊಬ್ಬರು ಪರೀಕ್ಷಿಸಿ ಬಿಳಿಚಿದ ಚರ್ಮವನ್ನು ಗುರುತಿಸುವ ಅಭ್ಯಾಸ: ಹಿಮದಲ್ಲಿ ಪ್ರಾಣ ಕಾಯುವುವು ಇಂಥ ಸಣ್ಣ ಸಂಗತಿಗಳು.

ನವೆಂಬರ್ 1ರಂದು ಟ್ಯಾಂಕುಗಳು ಮೇಲೇರಿದವು. ಮುಂಚೂಣಿಯ ಟ್ಯಾಂಕಿನಲ್ಲಿ ಡಿವಿಷನ್ನಿನ ಮುಖ್ಯಸ್ಥರಾದ ತಿಮ್ಮಯ್ಯನವರೇ ಕುಳಿತಿದ್ದರು. ಮೇಜರ್ ಜನರಲ್ ದರ್ಜೆಯವರೊಬ್ಬರು ಅಲ್ಲಿರಬೇಕಾದ ನಿಯಮವೇನೂ ಇಲ್ಲ. ಇದು ವಿವೇಕವೇ ಎಂದು ಯಾರಾದರೂ ಕೇಳಿದರೆ ತಪ್ಪೆನ್ನಲಾರೆವು. ಆದರೆ ಯಾರೂ ಟ್ಯಾಂಕು ಏರಿಸದ ದಾರಿಯಲ್ಲಿ ಯುವಕರನ್ನು ಕಳುಹಿಸುವವನು ತಾನೇ ಆ ದಾರಿಯ ಭದ್ರತೆಗೆ ಜಾಮೀನಾಗಿ ಕುಳಿತದ್ದು ಎಂದು ನಾವು ಅದನ್ನು ಓದುತ್ತೇವೆ. ಬೆಟ್ಟದ ಮೇಲೆ ಇಂಥ ಯಂತ್ರಗಳನ್ನು ಕಂಡು ಶತ್ರುಗಳು ದಿಗ್ಭ್ರಮೆಗೊಂಡರು, ಪೊಟರೆಗಳು ಬಿದ್ದವು, ಪಟಿಯಾಲಾ, ಗೂರ್ಖಾ, ರಜಪೂತ ದಳಗಳು ಹಿಂದಿನಿಂದ ಏರಿ ಘಟ್ಟವನ್ನು ಹಿಡಿದವು. ನವೆಂಬರ್ ಮಧ್ಯದಲ್ಲಿ ದ್ರಾಸ್, ಕಡೆಯ ವಾರದ ಹೊತ್ತಿಗೆ ಕಾರ್ಗಿಲ್ ಕೈವಶವಾಗಿ ಲೇಹ್ ಹಾದಿ ತೆರೆಯಿತು. ಉಷ್ಣತೆ ಮೈನಸ್ 20 ಡಿಗ್ರಿಗಿಂತ ಕೆಳಗಿಳಿಯಬಲ್ಲ ಊರುಗಳವು. ಸೈನಿಕರೆಲ್ಲರಿಗೂ ಸಾಕಷ್ಟು ಚಳಿಯುಡುಪು ಇರಲಿಲ್ಲ, ಹಿಮಕಡಿತದಿಂದ ನರಳಿದವರಿದ್ದರು. 1949ರ ಜನವರಿ 1ರಂದು ಕದನವಿರಾಮ ಬಂದಿತು.

ಕಥೋಲಿಕ ಅಂಕಣದಲ್ಲಿ ಯುದ್ಧದ ಕಥೆಯೇಕೆ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಿಯಾರು. ಆ ಪ್ರಶ್ನೆ ನಮಗೂ ಇದೆ. ಘಟ್ಟದ ಎರಡೂ ಬದಿಯಲ್ಲಿ ತಾಯಂದಿರ ಮಕ್ಕಳೇ ಸತ್ತರು. ನವೆಂಬರ್ 2ರಂದು ನಾವು ಸಮಾಧಿಗಳಿಗೆ ಹೂವಿಟ್ಟು ಮೃತರಿಗಾಗಿ ಪ್ರಾರ್ಥಿಸುವಾಗ ಗಡಿಯನ್ನು ನೋಡಿ ಪ್ರಾರ್ಥಿಸುವುದಿಲ್ಲ. ಯುದ್ಧವನ್ನು ಕೊಂಡಾಡುವ ಇಚ್ಛೆ ನಮಗಿಲ್ಲ. ಆದರೆ ಇದೇ ತಿಂಗಳ 11ರಂದು ಧರ್ಮಸಭೆ ಸ್ಮರಿಸುವ ತೂರಿನ ಸಂತ ಮಾರ್ಟಿನರೂ ಸೈನಿಕರಾಗಿದ್ದವರೇ. ಆಮಿಯಾಂ ನಗರದ ಬಾಗಿಲಲ್ಲಿ ಕಡುಚಳಿಗೆ ನಡುಗುತ್ತಿದ್ದ ಭಿಕ್ಷುಕನಿಗೆ ತಮ್ಮ ಮೇಲುಹೊದಿಕೆಯನ್ನು ಕತ್ತಿಯಿಂದ ಎರಡಾಗಿ ಸೀಳಿ ಅರ್ಧ ಕೊಟ್ಟವರು. ಚಳಿಯಲ್ಲಿ ಇನ್ನೊಬ್ಬನಿಗೆ ಹೊದಿಕೆ ಇದೆಯೇ ಎಂದು ನೋಡುವುದು ಸೈನಿಕ ಧರ್ಮಕ್ಕೂ ಕ್ರೈಸ್ತ ಧರ್ಮಕ್ಕೂ ಸಾಮಾನ್ಯವಾದ ಕರ್ತವ್ಯ. ಮುಂದಿನ ಸಂಗತಿಗೆ ಇದು ಬೇಕಾದುದರಿಂದ ಹೇಳಿದೆವು.

ತಿಮ್ಮಯ್ಯನವರ ಜೀವನದಲ್ಲಿ ಇನ್ನೊಂದು ಕಡುಚಳಿಗಾಲವಿತ್ತು. ಅದು ಶಾಂತಿಯ ಕೆಲಸಕ್ಕೆ ಸೇರಿದ್ದು. ಕೊರಿಯಾ ಯುದ್ಧ ನಿಂತ ಮೇಲೆ, ತಾಯ್ನಾಡಿಗೆ ಮರಳಲು ಒಪ್ಪದ 22,000ಕ್ಕೂ ಮೀರಿದ ಚೀನೀ ಮತ್ತು ಕೊರಿಯನ್ ಯುದ್ಧಕೈದಿಗಳ ಭವಿಷ್ಯವನ್ನು ನೋಡಿಕೊಳ್ಳಲು 1953ರಲ್ಲಿ ತಟಸ್ಥ ರಾಷ್ಟ್ರಗಳ ಆಯೋಗವೊಂದು ರಚನೆಯಾಯಿತು. ಅದರ ಅಧ್ಯಕ್ಷರು ತಿಮ್ಮಯ್ಯನವರು. ಕೈದಿಗಳನ್ನು ಕಾಯ್ದ ಭಾರತೀಯ ಪಡೆಯ ನಾಯಕರು ಮೇಜರ್ ಜನರಲ್ ಥೋರಾಟ್. ದಕ್ಷಿಣ ಕೊರಿಯಾದ ಅಧ್ಯಕ್ಷರು ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದ ಕಾರಣ ಹಡಗಿನಿಂದ ನೇರವಾಗಿ ಹೆಲಿಕಾಪ್ಟರುಗಳಲ್ಲಿ ಅವರನ್ನು ಸೇನಾರಹಿತ ವಲಯಕ್ಕೆ ಒಯ್ಯಬೇಕಾಯಿತು. ಕಾವಲಿನವರೂ ಕೈದಿಗಳೂ ಆ ಚಳಿಗಾಲವನ್ನು ಡೇರೆಗಳಲ್ಲೇ ಕಳೆದರು. ಎರಡೂ ಪಕ್ಷಗಳು ದೂರುತ್ತಿದ್ದರೂ ಕೈದಿಗಳ ಮೇಲೆ ಬಲ ಪ್ರಯೋಗಿಸಿ ಅವರ ಇಚ್ಛೆಯನ್ನು ಮುರಿಯಲು ತಿಮ್ಮಯ್ಯನವರು ಸಮ್ಮತಿಸಲಿಲ್ಲ. 1954ರ ಜನವರಿಯಲ್ಲಿ ಹೊಣೆ ಮುಗಿಯಿತು. ಅದೇ ವರ್ಷ ಪದ್ಮಭೂಷಣ ಬಂದಿತು.

1957ರ ಮೇ ತಿಂಗಳಿಂದ 1961ರ ಮೇ ತಿಂಗಳವರೆಗೆ ಅವರು ಭೂಸೇನೆಯ ಮುಖ್ಯಸ್ಥರಾಗಿದ್ದರು. ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ಹೊಂದಿಕೆಯಾಗದೆ 1959ರಲ್ಲಿ ರಾಜೀನಾಮೆ ನೀಡಿ, ಪ್ರಧಾನಿ ನೆಹರೂ ಅವರ ಮಾತಿಗೆ ಮಣಿದು ಹಿಂತೆಗೆದುಕೊಂಡರು. ಹಿಂತೆಗೆದುಕೊಳ್ಳಬಾರದಿತ್ತು ಎನ್ನುವವರು ಇಂದಿಗೂ ಇದ್ದಾರೆ; ನಾವು ಆ ವಾದಕ್ಕೆ ಇಳಿಯುವುದಿಲ್ಲ.

ಅವರು ನಿವೃತ್ತರಾದ ಮರುವರ್ಷ, 1962ರ ಶರತ್ಕಾಲದಲ್ಲಿ, ಈಶಾನ್ಯ ಗಡಿಯ ನಾಮ್ಕಾ ಚೂ ಹೊಳೆಯ ದಡಕ್ಕೆ ಒಂದು ಬ್ರಿಗೇಡನ್ನು ಅವಸರದಿಂದ ಕಳುಹಿಸಲಾಯಿತು. ಸೈನಿಕರು ಬಯಲುಸೀಮೆಯ ಹತ್ತಿಯ ಉಡುಪಿನಲ್ಲಿ, ಕ್ಯಾನ್ವಾಸ್ ಬೂಟುಗಳಲ್ಲಿ, ತಲಾ ಒಂದು ಕಂಬಳಿ ಹೊತ್ತು, 14,000 ಅಡಿಗೂ ಎತ್ತರದ ದಿಣ್ಣೆಗಳನ್ನು ದಾಟಿ ನಡೆದರು. ಎತ್ತರಕ್ಕೆ ದೇಹ ಹೊಂದಿಕೊಳ್ಳಲು ಬೇಕಾದ ದಿನಗಳನ್ನು ಕೊಡಲಿಲ್ಲ. ಆಹಾರಕ್ಕೂ ಹೊದಿಕೆಗೂ ವಿಮಾನದಿಂದ ಬೀಳುವ ಮೂಟೆಗಳೇ ಗತಿ, ಅವುಗಳಲ್ಲಿ ಬಹುಪಾಲು ಕಮರಿಯ ಪಾಲು. ಅಕ್ಟೋಬರ್ 20ರಂದು ಚೀನೀ ಸೇನೆ ಎರಗುವ ಮೊದಲೇ ಚಳಿಯಿಂದ ಸತ್ತವರಿದ್ದರು. ಇದೇ ಅಕ್ಟೋಬರ್ ತಿಂಗಳಲ್ಲಿ, 14 ವರ್ಷಗಳ ಹಿಂದೆ, ಬಾಲ್ತಾಲಿನಲ್ಲಿ ಒಬ್ಬ ಸೇನಾನಿ ದಾರಿ ಸಿದ್ಧವಾಗಲೆಂದು ಕಾದಿದ್ದ. ಆ ಪಾಠ ಕಡತಗಳಲ್ಲಿತ್ತು. ಅದನ್ನು ಕಲಿತಿದ್ದವರು ಬದುಕಿಯೂ ಇದ್ದರು. ವಿವೇಕದ ಅಂಗಗಳಲ್ಲಿ ನೆನಪನ್ನು ಅಕ್ವಿನಾಸರು ಏಕೆ ಮೊದಲು ಎಣಿಸಿದರೆಂಬುದು ನಾಮ್ಕಾ ಚೂ ದಡದಲ್ಲಿ ಸತ್ತವರನ್ನು ನೆನೆದಾಗ ತಿಳಿಯುತ್ತದೆ. ಅವರಿಗೆ ಧೈರ್ಯದ ಕೊರತೆ ಇರಲಿಲ್ಲ. ಹೊದಿಕೆಯ ಕೊರತೆ ಇತ್ತು.

ಎಷ್ಟು ಸಿದ್ಧತೆ ಮಾಡಿದರೂ ಹಿಮ ತನ್ನ ಪಾಲನ್ನು ಕೇಳುವುದುಂಟು. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮನದಿಯ ಮೇಲೆ, 19,000 ಅಡಿಗೂ ಮೀರಿದ ಠಾಣೆಯೊಂದರಲ್ಲಿ, ಹಿಮಕುಸಿತಕ್ಕೆ ಸಿಲುಕಿದ ಮದ್ರಾಸ್ ರೆಜಿಮೆಂಟಿನ ಯೋಧರಲ್ಲಿ ಮೂವರು ಕನ್ನಡಿಗರಿದ್ದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಬಳಿಕ ಹಿಮದಡಿಯಿಂದ ಜೀವಂತವಾಗಿ ಹೊರಬಂದಾಗ ನಾಡಿನ ಎಲ್ಲ ಧರ್ಮದವರೂ ಪ್ರಾರ್ಥಿಸಿದ್ದನ್ನು ವಾಚಕರು ಮರೆತಿರಲಾರರು. ಅವರು ಫೆಬ್ರವರಿ 11ರಂದು ತೀರಿಕೊಂಡರು.

ಜೋಜಿಲಾ ಹಾದಿಯಲ್ಲಿ ಈಗ ಮನುಷ್ಯರು ಬೆಟ್ಟದ ಒಳಗಿಂದಲೇ ದಾರಿ ಕೊರೆಯುತ್ತಿದ್ದಾರೆ. ಸೋನಮಾರ್ಗದ ಬಳಿಯ ಸುಮಾರು ಆರೂವರೆ ಕಿಲೋಮೀಟರಿನ ಸುರಂಗ 2025ರ ಜನವರಿಯಲ್ಲಿ ತೆರೆಯಿತು. ಅದರಾಚೆ ಜೋಜಿಲಾದ ಅಡಿಯಲ್ಲಿ ಅದಕ್ಕಿಂತ ಉದ್ದವಾದ ಮತ್ತೊಂದನ್ನು ಕೈಗೊಂಡಿದ್ದಾರೆ. ಘಟ್ಟದ ಮೇಲಿನ ಹಿಮ ಮಾತ್ರ ಅಂದಿನಂತೆಯೇ ಬೀಳುತ್ತಿದೆ.

ತಿಮ್ಮಯ್ಯನವರು 1964ರಲ್ಲಿ ಸೈಪ್ರಸ್ ದ್ವೀಪದಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕತ್ವ ವಹಿಸಿದರು. ಅಲ್ಲಿ ಗ್ರೀಕ್ ಮೂಲದ ಕ್ರೈಸ್ತರೂ ತುರ್ಕಿ ಮೂಲದ ಮುಸ್ಲಿಮರೂ ಪರಸ್ಪರ ಗುಂಡು ಹಾರಿಸದಂತೆ ನಡುವೆ ನಿಲ್ಲುವುದು ಕೆಲಸ. ಆ ಹೊಣೆಯಲ್ಲಿರುವಾಗಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 59 ವರ್ಷ. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಅಂತ್ಯಕ್ರಿಯೆ ಬೆಂಗಳೂರಿನಲ್ಲಿ ನಡೆಯಿತು.

ನಮ್ಮ ಜನ ಇಂದಿಗೂ ರಿಚ್ಮಂಡ್ ರಸ್ತೆ ಎಂದೇ ಕರೆಯುವ, ಯೇಸುವಿನ ಪವಿತ್ರ ಹೃದಯದ ದೇವಾಲಯವಿರುವ ಬೀದಿಗೆ ಜನರಲ್ ತಿಮ್ಮಯ್ಯ ರಸ್ತೆ ಎಂಬ ಹೆಸರಿದೆ. ಮಡಿಕೇರಿಯಲ್ಲಿ ಅವರು ಹುಟ್ಟಿದ ಸನ್ನಿಸೈಡ್ ಎಂಬ ಮನೆಯನ್ನು ಸ್ಮಾರಕ ಸಂಗ್ರಹಾಲಯವಾಗಿ ಮಾಡಿ 2021ರ ಫೆಬ್ರವರಿಯಲ್ಲಿ ಅಂದಿನ ರಾಷ್ಟ್ರಪತಿಗಳು ಉದ್ಘಾಟಿಸಿದರು. ಕ್ರಿಸ್ಮಸ್ ರಜೆಯಲ್ಲಿ ಮಕ್ಕಳನ್ನು ಕೊಡಗಿಗೆ ಕರೆದೊಯ್ಯುವ ಕುಟುಂಬಗಳು ರಾಜಾಸೀಟಿನ ಸೂರ್ಯಾಸ್ತಕ್ಕೆ ಮೊದಲು ಒಂದು ಗಂಟೆಯನ್ನು ಆ ಮನೆಗೆ ಮೀಸಲಿಡಬಹುದು.